ಡೊಳ್ಳಿನ ಮೇಳವೂ ಅಂಕಗಳ ಪಟ್ಟಿಯೂ

ಈ ಸಾಹಿತ್ಯ ಸಮಾವೇಶದ ಸಿದ್ಧತೆಗಾಗಿ ಸಂಘದ ಸದಸ್ಯರೆಲ್ಲ ಕಲೆತಾಗ ಒಂದು ಪ್ರಶ್ನೆ ಎದ್ದಿತು. ನಾಡದೇವಿಯ ಮೆರವಣಿಗೆಯ ಮುಂದೆ ಡೊಳ್ಳು, ಉರುಮೆ, ಚೆಕ್ಕ ಭಜನೆಯ ಮೇಳಗಳನ್ನು ಎಂದಿನಂತೆ ನಡೆಸುವುದೋ, ಅಥವಾ ಅವುಗಳಿಗೆ ಸ್ಪರ್ಧೆಯನ್ನೇರ್ಪಡಿಸಿ ಪ್ರಥಮ, ದ್ವಿತೀಯ, ತೃತೀಯ ಬಹುಮಾನಗಳನ್ನು ಕೊಡುವುದೋ? ಕಿರಿಯರು ಸ್ಪರ್ಧೆ ಬೇಕೆಂದರು, ಹಿರಿಯರು ಬೇಡವೆಂದರು. ಕೊನೆಗೆ ನಮ್ಮ ಕಡೆ ತಿರುಗಿ, "ಮೇಷ್ಟ್ರೇ, ನಮಗೆ ಚರಿತ್ರೆ ಹೇಳಿಕೊಟ್ಟವರು ನೀವು. ಹಿಂದಿನವರು ಏನು ಮಾಡುತ್ತಿದ್ದರು, ನೀವೇ ಹೇಳಿ" ಎಂದರು. ಅಂದು ನಾವು ಒಡನೆಯೇ ಉತ್ತರ ಕೊಡಲಾರದೆ ಹೋದೆವು. ಆ ಋಣವನ್ನು ಈ ಲೇಖನದಿಂದ ತೀರಿಸಲು ಯತ್ನಿಸುತ್ತೇವೆ.

ನಮ್ಮ ಕುಂದುರ್ಪಿ ಗಡಿಯ ಊರು. ಬೆಟ್ಟದ ಮೇಲಿನ ದುರ್ಗ ಕಂಡ ಒಡೆಯರು ಒಬ್ಬಿಬ್ಬರಲ್ಲ. ವಿಜಯನಗರದ ಅರಸರು ಆಳಿದರು. 17ನೆಯ ಶತಮಾನದಲ್ಲಿ ಪೆನುಗೊಂಡೆಯಿಂದ ಬಂದ ಕೋನೇಟಿ ನಾಯಕನ ಮನೆತನದವರು ಆಳಿದರು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಇತ್ತ ಉಳಿದೆವು. 2022ರಲ್ಲಿ ಹಿಂದೂಪುರ, ಮಡಕಶಿರಾಗಳೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುವು. ಒಡೆಯರು ಬದಲಾದರು, ಕಚೇರಿಯ ಫಲಕಗಳ ಲಿಪಿ ಬದಲಾಯಿತು. ಡೊಳ್ಳಿನ ದನಿ ಮಾತ್ರ ಬದಲಾಗಲಿಲ್ಲ. ಅದು ಕೇಳಿದೊಡನೆ ಕನ್ನಡದ ಮನೆಯವರೂ ತೆಲುಗಿನ ಮನೆಯವರೂ ಒಂದೇ ಓಣಿಗೆ ಓಡಿ ಬರುತ್ತಾರೆ. ಗಡಿನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಈಗ ಪ್ರಶ್ನೆಗೆ ಬರೋಣ. ಹಿಂದಿನವರಿಗೆ ಸ್ಪರ್ಧೆ ಗೊತ್ತಿರಲಿಲ್ಲವೇ? ಖಂಡಿತವಾಗಿಯೂ ಗೊತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಜಟ್ಟಿಗಳ ಕಾಳಗದಲ್ಲಿ ಹಲ್ಲು ಮುರಿಯುವಂತಹ ಹೊಡೆತಗಳು ಬೀಳುತ್ತಿದ್ದುವೆಂದೂ, ಇಬ್ಬರನ್ನು ಸರಿಸಮವಾಗಿ ಕಣಕ್ಕಿಳಿಸಿ ಗೆದ್ದವನಿಗೆ ಮನ್ನಣೆಯನ್ನು ನಿರ್ಣಯಿಸಲು ತೀರ್ಪುಗಾರರಿದ್ದರೆಂದೂ ಅವನು ಹೇಳುತ್ತಾನೆ. ಅದೇ ಉತ್ಸವದ ಕಹಳೆ, ಭೇರಿಗಳ ಅಬ್ಬರವನ್ನೂ ಅವನು ಬಣ್ಣಿಸುತ್ತಾನೆ. ಆದರೆ ಅವುಗಳಿಗೆ ತೀರ್ಪುಗಾರರಿದ್ದರೆಂದು ಬರೆದಿಲ್ಲ. ಕುಸ್ತಿಯಲ್ಲಿ ಒಬ್ಬ ಗೆಲ್ಲಬೇಕು, ಒಬ್ಬ ಸೋಲಬೇಕು. ಅದು ಆ ಆಟದ ಧರ್ಮ. ಭೇರಿಯ ಧರ್ಮ ಬೇರೆ. ಅದು ನೆರೆದವರನ್ನು ಒಂದುಗೂಡಿಸಲು ಮೊಳಗುವುದು.

ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ ಅದೇ ಶತಮಾನದ ಶಿಲ್ಪಿಗಳು ಇದೇ ಮಾತನ್ನು ಕಲ್ಲಿನಲ್ಲಿ ಹೇಳಿದ್ದಾರೆ. ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ಕುಣಿಯುತ್ತಾಳೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ತುಂಬುರು ವೀಣೆ ನುಡಿಸುತ್ತಾನೆ. ಅವರ ನಡುವೆ ನಿಂತ ನಾವೇ ಅಲ್ಲಿಯ ಸಭಿಕರು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ, ಆ ಕಂಬಗಳ ನಡುವೆ ಹೊಕ್ಕೊಡನೆ ಅವರ ಕಾಲುಗಳು ತಾವಾಗಿಯೇ ಹೆಜ್ಜೆ ಹಾಕುತ್ತಿದ್ದುದನ್ನು ಕಂಡಿದ್ದೇವೆ.

ಊರ ಜಾತ್ರೆಯಲ್ಲಿ ಮೇಳ ನಡೆಯುವ ಬಗೆಯೂ ಹೀಗೆಯೇ. ಡೊಳ್ಳು ಬೀರಲಿಂಗೇಶ್ವರನ ಒಕ್ಕಲಾದ ಕುರುಬರ ವಾದ್ಯ. ಮರದ ಹೊಳವಿಗೆ ಎರಡೂ ಕಡೆ ಚರ್ಮ ಬಿಗಿದು, ಒಂದು ಬದಿಯನ್ನು ಕೋಲಿನಿಂದಲೂ ಇನ್ನೊಂದನ್ನು ಕೈಯಿಂದಲೂ ನುಡಿಸುತ್ತಾರೆ. ಉರುಮೆಯ ದನಿ ಬೇರೆ. ಅದರ ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜಿದಾಗ ಏಳುವ ಗುಡುಗಿನಂತಹ ಮೊರೆತ ಅನಂತಪುರ ಸೀಮೆಯ ಹೆಗ್ಗುರುತು. ಮೇಳದವರು ಮೊದಲು ನಿಧಾನವಾಗಿ ಹೊರಡುತ್ತಾರೆ. ಸುತ್ತ ಜನ ಕವಿದಂತೆ ನಡೆ ಚುರುಕಾಗುತ್ತದೆ. ಮನೆಯ ಮುಂದೆ ಬಂದಾಗ ಹೆಂಗಸರು ನೀರೆರೆದು ಆರತಿ ಎತ್ತುತ್ತಾರೆ, ಅಷ್ಟು ಹೊತ್ತು ಹೆಜ್ಜೆ ಅಲ್ಲಿಯೇ ನಿಲ್ಲುತ್ತದೆ. ಯಾರೋ ಮುದುಕರು ವಲ್ಲಿ ಸೊಂಟಕ್ಕೆ ಕಟ್ಟಿ ಒಳಗೆ ನುಗ್ಗುತ್ತಾರೆ. ಒಬ್ಬನ ತಾಳ ತಪ್ಪಿದರೆ ಪಕ್ಕದವನು ಕಣ್ಣಿನಲ್ಲೇ ಎಚ್ಚರಿಸಿ ಎತ್ತಿಕೊಳ್ಳುತ್ತಾನೆ. ಎಷ್ಟು ಹೊತ್ತು ಬಾರಿಸಬೇಕೆಂಬುದನ್ನು ಗಡಿಯಾರವಲ್ಲ, ನೆರೆದವರ ಉಲ್ಲಾಸವೇ ನಿರ್ಧರಿಸುತ್ತದೆ.

ಸ್ವಾತಂತ್ರ್ಯಾನಂತರ ಜನಪದ ಕಲೆಗಳು ಸ್ಪರ್ಧೆಯ ವೇದಿಕೆಯನ್ನೇರಿದುವು. 1954ರಲ್ಲಿ ದೆಹಲಿಯ ತಾಲ್ಕಟೋರಾ ಉದ್ಯಾನದಲ್ಲಿ ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವ ನಡೆಯಿತು. 1995ರಲ್ಲಿ ಭೋಪಾಲದಿಂದ ರಾಷ್ಟ್ರೀಯ ಯುವಜನೋತ್ಸವ ಆರಂಭವಾಯಿತು. ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳು ಏರ್ಪಟ್ಟುವು. ಇಷ್ಟು ಜನ, ಇಷ್ಟು ನಿಮಿಷ, ಇಂತಹ ಉಡುಪು ಎಂಬ ನಿಯಮಗಳು ಬಂದುವು.

ನಾವೂ ಆ ಮೆಟ್ಟಿಲನ್ನು ಹತ್ತಿಸಲು ಹೊರಟವರೇ. ಸುಮಾರು ನಾಲ್ಕು ದಶಕಗಳ ಹಿಂದೆ, ಅಕ್ಕಪಕ್ಕದ ಎರಡು ಹಳ್ಳಿಗಳ ಹುಡುಗರನ್ನು ಎರಡು ತಂಡಗಳಾಗಿ ಒಂದು ಸ್ಪರ್ಧೆಗೆ ಕರೆದೊಯ್ದಿದ್ದೆವು. ಅಪ್ಪಂದಿರ ಕಾಲದಿಂದ ಒಂದೇ ಮೇಳದಲ್ಲಿ ಬಾರಿಸಿದ ಹಳ್ಳಿಗಳವು. ಮೊದಲ ತಂಡ ಬಿಸಿಯೇರುವ ಹೊತ್ತಿಗೆ ಹತ್ತು ನಿಮಿಷ ಮುಗಿದು ಗಂಟೆ ಬಾರಿಸಿತು. ಹುಡುಗರು ಎತ್ತಿದ ಕೋಲನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಮ್ಮ ಮುಖ ನೋಡಿದರು. ಎರಡನೆಯ ತಂಡ ಅವಸರದಲ್ಲಿ ನುಡಿಸಿ ಬಹುಮಾನ ಪಡೆಯಿತು. ಹಿಂದಿರುಗುವಾಗ ಒಂದೇ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಮಾತನಾಡಲಿಲ್ಲ. ಮುಂದಿನ ಜಾತ್ರೆಗೆ ಒಂದು ಹಳ್ಳಿಯವರು ಬರಲೇ ಇಲ್ಲ. ಕರೆಯಲು ಹೋದಾಗ ಹಿರಿಯರೊಬ್ಬರು, "ಗೆದ್ದೋರೇ ಬಾರಿಸಲಿ ಬಿಡಿ ಸಾಮಿ" ಎಂದುಬಿಟ್ಟರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಅವರನ್ನು ತಂಡಗಳಾಗಿ ಒಡೆದವರು ನಾವೇ ಎಂಬುದನ್ನು ಮರೆಮಾಚಲಾರೆವು.

ಆದರೆ ಇಷ್ಟಕ್ಕೇ ಸ್ಪರ್ಧೆಯನ್ನು ಹಳಿದು ಮುಗಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಜಾತ್ರೆಯ ಸೊಬಗನ್ನು ನೆನೆಯುವಾಗ, ಆ ಜಾತ್ರೆಯಲ್ಲಿ ಯಾರು ಎಲ್ಲಿ ನಿಂತಿದ್ದರೆಂಬುದನ್ನೂ ನೆನೆಯಬೇಕು. ದೇವರ ಮುಂದೆ ರಾತ್ರಿಯೆಲ್ಲ ಉರುಮೆ ನುಡಿಸಿದವರು ಗುಡಿಯ ಹೊಸಿಲನ್ನು ದಾಟುವಂತಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಅವರಿಗೆ ದೂರದಲ್ಲಿ ಎಲೆ ಬೀಳುತ್ತಿತ್ತು. ಅದೇ ಕಲಾವಿದರನ್ನು ವೇದಿಕೆ ಹೆಸರು ಹಿಡಿದು ಕರೆಯಿತು, ಕುರ್ಚಿ ಕೊಟ್ಟಿತು, ಶಾಲು ಹೊದಿಸಿತು. ಗಂಡಸರ ಹೆಗಲಿನಲ್ಲಷ್ಟೇ ಕಂಡಿದ್ದ ಡೊಳ್ಳನ್ನು ಇಂದು ಹೆಣ್ಣುಮಕ್ಕಳ ತಂಡಗಳು ಕಟ್ಟಿ ಕುಣಿಯುತ್ತಿವೆ. ಇದಕ್ಕೂ ಶಾಲೆ, ಕಾಲೇಜು, ವೇದಿಕೆಗಳ ಉಪಕಾರ ದೊಡ್ಡದು. ಹಿರಿಯ ಸದಸ್ಯರು ಇದನ್ನು ಮರೆಯಬಾರದೆಂದು ನಮ್ಮ ಬಿನ್ನಹ.

ಈ ತೊಡಕು ನಮ್ಮದು ಮಾತ್ರವಲ್ಲ. ಸಂಘದ ಹಲವು ಮನೆಗಳ ಮಕ್ಕಳು ಇಂದು ಅಮೆರಿಕೆಯಲ್ಲಿದ್ದಾರೆ. ಆ ದೇಶದಲ್ಲಿಯೂ ವಾದ್ಯಮೇಳಗಳಿಗೆ ಎರಡು ದಾರಿಗಳಿವೆ. ಒಂದು, ಕಾಲೇಜು ಫುಟ್‌ಬಾಲ್ ಪಂದ್ಯಗಳದು. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಕೂರುತ್ತಾರೆ. ಗೆಲುವು ಸೋಲು ಆಟಗಾರರದು. ವಿರಾಮದಲ್ಲಿ ಮೈದಾನಕ್ಕಿಳಿಯುವ ವಿದ್ಯಾರ್ಥಿಗಳ ವಾದ್ಯಮೇಳಕ್ಕೆ ಅಲ್ಲಿ ಅಂಕವಿಲ್ಲ, ಜನರೊಡನೆ ಸೇರಿ ಉತ್ಸಾಹ ತುಂಬುವುದೇ ಅದರ ಕೆಲಸ. ಪಾಯೆಸ್ ಕಂಡ ಜಟ್ಟಿಕಾಳಗವನ್ನೂ ಭೇರಿಯನ್ನೂ ಇಲ್ಲಿ ಓದುಗರು ನೆನೆದುಕೊಳ್ಳಬಹುದು.

ಇನ್ನೊಂದು, ಡ್ರಮ್ ಕೋರ್ ಎಂಬ ತಂಡಗಳದು. ಇವುಗಳಲ್ಲಿ ಅನೇಕವು ಮಾಜಿ ಸೈನಿಕರ ಸಂಘಗಳ ಆಶ್ರಯದಲ್ಲಿ ಬೆಳೆದುವು. ನೂರಕ್ಕೂ ಹೆಚ್ಚು ಯುವಕ ಯುವತಿಯರು ನಗಾರಿ, ಕಹಳೆ, ಬಾವುಟಗಳೊಡನೆ ಮೈದಾನದಲ್ಲಿ ಚಿತ್ತಾರ ಬಿಡಿಸುತ್ತ ನುಡಿಸುತ್ತಾರೆ. ಇದು ಅಪ್ಪಟ ಸ್ಪರ್ಧೆ. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿ ಇವರ ಹೊಸ ಒಕ್ಕೂಟದ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಆಗ ಪ್ರತಿಯೊಂದು ತಪ್ಪಿಗೂ ಒಂದು ಗೀಟು, ಒಂದೊಂದು ಗೀಟಿಗೂ ಅಂಕದ ಹತ್ತನೆಯ ಒಂದು ಭಾಗ ಕಡಿತ. ನಾವು ಮೇಷ್ಟರು ಕೆಂಪು ಶಾಯಿಯಲ್ಲಿ ಕಾಪಿ ತಿದ್ದುತ್ತಿದ್ದ ಹಾಗೆ! ತಪ್ಪು ಎಣಿಸುವ ಆ ಪದ್ಧತಿಯನ್ನು ಅವರು 1984ರಲ್ಲಿ ಕೈಬಿಟ್ಟು, ಒಟ್ಟು ಪ್ರದರ್ಶನದ ಗುಣ ಮತ್ತು ಪರಿಣಾಮಗಳನ್ನು ಅಳೆಯುವ ದಾರಿಗೆ ಬಂದರು. ಸ್ಪರ್ಧೆಯನ್ನೇ ಉಸಿರಾಗಿಸಿಕೊಂಡವರೂ, ತಪ್ಪು ಹುಡುಕುವುದರಿಂದಲೇ ಕಲೆಯ ಬೆಲೆ ತಿಳಿಯದೆಂದು ಒಪ್ಪಿದರೆಂದೇ ನಾವು ಇದನ್ನು ಅರ್ಥಮಾಡಿಕೊಳ್ಳುತ್ತೇವೆ.

ಹಾಗಾದರೆ ನಮ್ಮ ಸಂಘ ಏನು ಮಾಡಬೇಕು? ವೇದಿಕೆ ಕೊಟ್ಟ ಗೌರವವನ್ನೂ ಜಾತ್ರೆ ಕೊಟ್ಟ ಬಿಡುವನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಸಾಧ್ಯವೆಂದು ನಮಗೆ ತೋರುತ್ತದೆ. ಬಹುಮಾನಕ್ಕೆಂದು ಕೂಡಿಸಿದ ಹಣವನ್ನು ಬಂದ ಮೇಳಗಳಿಗೆಲ್ಲ ಸಮನಾಗಿ ಹಂಚೋಣ. ಮೆರವಣಿಗೆ ಹೊರಡುವ ಮುನ್ನ ಮೊದಲ ತಾಂಬೂಲವನ್ನು ಉರುಮೆಯವರಿಗೆ ಕೊಟ್ಟು, ಊಟದ ಮೊದಲ ಪಂಕ್ತಿಯಲ್ಲಿ ಕಲಾವಿದರನ್ನು ಕೂರಿಸೋಣ. ಕುಣಿತ ವೇದಿಕೆಯ ಮೇಲಲ್ಲ, ಜನರ ನಡುವೆ ನಡೆಯಲಿ. ಗಂಟೆ ಬಾರಿಸುವವರು ಇರುವುದು ಬೇಡ. ಹೆಣ್ಣುಮಕ್ಕಳ ತಂಡ ಮುಂದೆ ಸಾಗಲಿ. ಕಲಿಯುವ ಶಾಲಾಮಕ್ಕಳಿಗೆ ಬೇರೆ ದಿನ ಸ್ಪರ್ಧೆಯಿರಲಿ. ಅವರಿಗೆ ಗುರಿಯೊಂದು ಬೇಕು, ಶಿಸ್ತೂ ಬೇಕು. ಆದರೆ ಒಂದು ಮೇಳವನ್ನು ಒಡೆದು ಎರಡು ತಂಡ ಮಾಡುವ ಕೆಲಸ ನಮ್ಮಿಂದ ಇನ್ನೊಮ್ಮೆ ಆಗದಿರಲಿ.

ಕೋಪಗೊಂಡು ಬಾರದೆ ಉಳಿದಿದ್ದ ಆ ಹಳ್ಳಿಯವರಿಗೆ ಈ ಬಾರಿ ವೀಳ್ಯ ಕೊಡಲು ನಾವೇ ಹೋಗಿದ್ದೆವು. ಅಂದು ಕೋಲು ಎತ್ತಿ ನಮ್ಮ ಮುಖ ನೋಡಿದ್ದ ಹುಡುಗರಲ್ಲೊಬ್ಬರು ಈಗ ಮೊಮ್ಮಕ್ಕಳಿರುವ ಯಜಮಾನರು. "ಎಷ್ಟು ನಿಮಿಷ ಸಾಮಿ?" ಎಂದು ನಕ್ಕು ಕೇಳಿದರು. "ನಿಮಗೆ ಸಾಕೆನ್ನಿಸುವ ತನಕ" ಎಂದೆವು. ಅವರು ವೀಳ್ಯವನ್ನು ಕಣ್ಣಿಗೊತ್ತಿಕೊಂಡರು. ಸಂಘದ ಬಂಧುಗಳು ಕುಟುಂಬ ಸಮೇತ ಮೆರವಣಿಗೆಗೆ ಬಂದು, ಆ ಮಾತನ್ನು ಉಳಿಸಿಕೊಡಬೇಕೆಂದು ಕೈಮುಗಿದು ಕೋರುತ್ತೇವೆ.