ಸೈಬೀರಿಯಾದ ಹಳ್ಳಿಗಳಿಗೆ ಪುಸ್ತಕ ಕಳಿಸಿದ ವ್ಯಾಪಾರಿ

ಸೈಬೀರಿಯಾ ಅಂದರೆ ಹಿಮ, ಗಡೀಪಾರು. ನಮಗೆ ಗೊತ್ತಿರುವುದು ಇಷ್ಟೇ. ಅಲ್ಲಿನ ಟಾಮ್ಸ್ಕ್ ಪಟ್ಟಣದಲ್ಲಿ 1873ರಲ್ಲಿ ಪ್ಯೋತರ್ ಮಕುಶಿನ್ ಪುಸ್ತಕದಂಗಡಿ ತೆರೆದ. ಆಗ ಆ ಕಡೆ ರೈಲಿರಲಿಲ್ಲ. ಪುಸ್ತಕ ಬರಬೇಕಾದರೆ ದೋಣಿ, ಕುದುರೆಗಾಡಿಯೇ ಗತಿ.

ಮಕುಶಿನ್ ಸಾಹುಕಾರರ ಮಗನಲ್ಲ. 1844ರಲ್ಲಿ ಪೆರ್ಮ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದವನು. ಅಪ್ಪನಿಗೆ ಚರ್ಚಿನಲ್ಲಿ ಸಣ್ಣ ಕೆಲಸ. ಅಂಗಡಿಯಿಂದ ಮಗ ಚೆನ್ನಾಗಿಯೇ ದುಡಿದ, ಅದರಲ್ಲೇನೂ ಮುಚ್ಚುಮರೆ ಬೇಡ. ಆದರೆ ಓದು ಬಾರದವರಿಗೆ ಪುಸ್ತಕ ಮಾರುವುದು ಹೇಗೆ? 1897ರ ಜನಗಣತಿಯ ಹೊತ್ತಿಗೂ ಇಡೀ ರಷ್ಯಾ ಸಾಮ್ರಾಜ್ಯದಲ್ಲಿ ನೂರಕ್ಕೆ ಸುಮಾರು 21 ಜನರಿಗಷ್ಟೇ ಓದು ಬರುತ್ತಿತ್ತು.

ಅದಕ್ಕೇ 1882ರಲ್ಲಿ ಪ್ರಾಥಮಿಕ ಶಿಕ್ಷಣಕ್ಕಾಗಿ ಒಂದು ಸಂಘ ಕಟ್ಟಿದ. ಒಬ್ಬರೂ ಅನಕ್ಷರಸ್ಥರಾಗಿ ಉಳಿಯಬಾರದು ಅನ್ನುವುದೇ ಅದರ ಘೋಷಣೆ. ಸಂಘ ಎರಡು ವರ್ಷದಲ್ಲಿ ಉಚಿತ ಗ್ರಂಥಾಲಯ ತೆರೆಯಿತು. ಅಷ್ಟರಲ್ಲಿ ಮಕುಶಿನ್ ಪತ್ರಿಕೆಯನ್ನೂ ಶುರು ಮಾಡಿದ್ದ. ಕೆಲವೇ ವರ್ಷಗಳಲ್ಲಿ ಸರ್ಕಾರ ಅದಕ್ಕೆ ಬೀಗ ಹಾಕಿಸಿತು (ಪತ್ರಿಕೆಗಳ ಹಣೆಬರಹ ಎಲ್ಲ ಕಡೆ ಒಂದೇ). ಅವನು ಸುಮ್ಮನಾಗಲಿಲ್ಲ. 1901ರಿಂದ ಪಟ್ಟಣ ದಾಟಿ, ಹಳ್ಳಿಗಳಲ್ಲಿ ಉಚಿತ ಗ್ರಂಥಾಲಯ ತೆರೆಯಲೆಂದೇ ಇನ್ನೊಂದು ಸಂಘ ಮಾಡಿದ. ಜನಸಾಮಾನ್ಯರ ಓದಿಗಾಗಿ ತನ್ನ ದುಡ್ಡು ಹಾಕಿ ಕಟ್ಟಿಸಿದ 'ವಿಜ್ಞಾನ ಭವನ' 1912ರಲ್ಲಿ ಬಾಗಿಲು ತೆರೆಯಿತು.

1926ರಲ್ಲಿ ತೀರಿಕೊಂಡಾಗ ಅದೇ ಭವನದ ಪಕ್ಕ ಹೂಳಿದರು. ಸಮಾಧಿಯ ಮೇಲೆ ಅವನ ಆಸೆಯಂತೆ ನೆಟ್ಟಗೆ ನಿಲ್ಲಿಸಿದ ಒಂದು ರೈಲು ಹಳಿ, ಅದರ ತುದಿಯಲ್ಲಿ ದೀಪ.