ಕುರುವಿನ ಶಸ್ತ್ರಚಿಕಿತ್ಸೆ: ಬತ್ತಿ, ನಳಿಕೆ, ಕುಣಿಕೆ

ರಾಜವಂಶಗಳನ್ನೂ ಯುದ್ಧಗಳನ್ನೂ ಕುರಿತು ಬರೆಯುವ ಚರಿತ್ರಕಾರನಿಗೆ ಚರ್ಮದ ಮೇಲೇಳುವ ಕುರುವು ಅಲ್ಪ ವಿಷಯವೆಂದು ತೋರಬಹುದು. ಆದರೆ ಕುರುವನ್ನು ಸೀಳಿ ಕೀವನ್ನು ಹೊರಹಾಕುವುದು ಅತಿ ಪುರಾತನವಾದ ಶಸ್ತ್ರಕ್ರಿಯೆಗಳಲ್ಲೊಂದು. ಇಂದಿಗೂ ಆಸ್ಪತ್ರೆಗಳ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ನಿತ್ಯವೂ ನಡೆಯತಕ್ಕುದು. ಸೀಳಬೇಕೆಂಬ ವಿಷಯದಲ್ಲಿ ವಿವಾದ ಹೆಚ್ಚಾಗಿಲ್ಲ. ಸೀಳಿದ ಬಾಯಿ ಬೇಗನೆ ಮುಚ್ಚಿಕೊಳ್ಳದಂತೆ ಕಾಯುವುದು ಹೇಗೆಂಬುದೇ ವಿವಾದದ ಮೂಲ. ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ತುಲನೆ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 17ನೆಯ ಅಧ್ಯಾಯವು ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಹೇಳುತ್ತದೆ. ಬೆರಳಿನಿಂದ ಒತ್ತಿದಾಗ ಚೀಲದೊಳಗಣ ನೀರಿನಂತೆ ಕೀವು ಸರಿದಾಡುವುದು ಪಕ್ವವಾದುದರ ಲಕ್ಷಣಗಳಲ್ಲೊಂದು. ಹಣ್ಣಾಗದುದನ್ನು ಸೀಳುವವನನ್ನೂ, ಹಣ್ಣಾದುದನ್ನು ಕಡೆಗಣಿಸುವವನನ್ನೂ ಗ್ರಂಥವು ಸಮಾನವಾಗಿ ನಿಂದಿಸುತ್ತದೆ. ಇಲ್ಲಿ ಪ್ರಧಾನವಾದುದು ಕಾಲನಿರ್ಣಯ. ಅಂದು ಬೆರಳು ಮಾಡುತ್ತಿದ್ದ ಆ ಪರೀಕ್ಷೆಗೆ ಇಂದು ಅಲ್ಟ್ರಾಸೌಂಡ್ ಯಂತ್ರವೂ ನೆರವಾಗುತ್ತಿದೆ.

ಸೀಳಿದ ನಂತರದ ಕ್ರಮವು ಸ್ವತಂತ್ರ ವಿಚಾರವಾಗಿ ಬೆಳೆದುದು 19ನೆಯ ಶತಮಾನದ ಯೂರೋಪಿನಲ್ಲಿ. ಫ್ರಾನ್ಸಿನ ಶಸ್ತ್ರವೈದ್ಯ ಶಾಸೆನ್ಯಾಕನು ಕೀವನ್ನು ಹರಿಸುವ ರಬ್ಬರ್ ನಳಿಕೆಗಳನ್ನು ಕುರಿತು 1859ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಆದರೂ ನಳಿಕೆಯ ಕೀರ್ತಿಯನ್ನು ಲಿಸ್ಟರನಿಗೆ ಸಲ್ಲಿಸುವುದುಂಟು. ಅದಕ್ಕೆ ಕಾರಣವಾದ ಘಟನೆ ಗಮನಾರ್ಹವಾದುದು. 1871ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರುವನ್ನು, ಆಗ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಲಿಸ್ಟರನು ಸೀಳಿ, ಬಾಯಲ್ಲಿ ಬಟ್ಟೆಯ ಬತ್ತಿಯನ್ನಿಟ್ಟನು. ಬಳಿಕ ಕಟ್ಟನ್ನು ಬಿಚ್ಚಿ ನೋಡಲು ಕೀವು ಒಳಗೇ ನಿಂತಿತ್ತು. ಬತ್ತಿಯು ದಾರಿಯಾಗುವುದಕ್ಕೆ ಬದಲು ಬಿರಡೆಯಾಗಿದ್ದಿತು. ಆಗ ಅವನು ಕಾರ್ಬಾಲಿಕ್ ಆಮ್ಲವನ್ನು ಸಿಂಪಡಿಸುವ ಉಪಕರಣದ ರಬ್ಬರ್ ಕೊಳವೆಯಿಂದ ತುಂಡೊಂದನ್ನು ಕತ್ತರಿಸಿ, ಅದಕ್ಕೆ ರಂಧ್ರಗಳನ್ನು ಮಾಡಿ, ಆ ಆಮ್ಲದಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು ಗಾಯದೊಳಗೆ ಸೇರಿಸಿದನು. ಕೀವಿನ ತಡೆ ನಿವಾರಣೆಯಾಯಿತು.

ಮುಂದಿನ ದಶಕದಲ್ಲಿ ಆಬರ್ಡೀನಿನ ಅಲೆಗ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಗೊಂಚಲಿನಂತಿರುವ ಜೀವಾಣುಗಳನ್ನು ಕಂಡು, 1882ರಲ್ಲಿ ಅವಕ್ಕೆ ಸ್ಟಾಫಿಲೊಕಾಕಸ್ ಎಂದು ಹೆಸರಿಟ್ಟನು. ಕಾರಣವು ತಿಳಿದರೂ ಕುಳಿಯೊಳಗೆ ಬಟ್ಟೆಯನ್ನು ತುಂಬುವ ರೂಢಿ ಅಳಿಯಲಿಲ್ಲ. 1951ರಲ್ಲಿ ಲೀಡ್ಸ್ ನಗರದ ಮಾರಿಸ್ ಎಲ್ಲಿಸ್ ಇದಕ್ಕೆ ತೀರ ವಿರುದ್ಧವಾದ ಕ್ರಮವನ್ನು ಮುಂದಿಟ್ಟನು: ಪೆನಿಸಿಲಿನ್ನಿನ ರಕ್ಷಣೆಯಲ್ಲಿ ಸೀಳಿ, ಒಳಗೋಡೆಯನ್ನು ಕೆರೆದು, ಗಾಯವನ್ನು ಕೂಡಲೇ ಹೊಲಿದುಬಿಡುವುದು.

ಬಟ್ಟೆ ತುಂಬುವ ರೂಢಿಯನ್ನು ತುರ್ತು ವಿಭಾಗದಲ್ಲಿಯೇ ತುಲನಾತ್ಮಕವಾಗಿ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು ಹೊರಬಂದುದು 2009ರಲ್ಲಿ. 48 ರೋಗಿಗಳ ಆ ಪರೀಕ್ಷೆಯಲ್ಲಿ ಬಟ್ಟೆ ತುಂಬಿಸಿಕೊಂಡವರು ಹೆಚ್ಚು ನೋವನ್ನು ಅನುಭವಿಸಿದರು. ಪುನಶ್ಚಿಕಿತ್ಸೆಯ ಅಗತ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಂಖ್ಯೆ ಅಲ್ಪವೆಂಬುದನ್ನು ಮರೆಯಲಾಗದು. ಸೀಳುವುದರ ಬದಲು ಸೂಜಿಯಿಂದ ಕೀವನ್ನು ಹೀರುವ ಕ್ರಮವನ್ನು 2011ರಲ್ಲಿ 101 ಜನರಲ್ಲಿ ಪರೀಕ್ಷಿಸಲಾಗಿ, ಸೂಜಿಯು ಶೇಕಡ 26ರಷ್ಟು, ಸೀಳುವಿಕೆಯು ಶೇಕಡ 80ರಷ್ಟು ಸಫಲವಾದುವು. ನೋವು ಕಡಿಮೆಯೆಂದ ಮಾತ್ರಕ್ಕೆ ವಿಧಾನವು ಉತ್ತಮವಾಗದೆಂಬುದಕ್ಕೆ ಇದು ನಿದರ್ಶನ. 2010ರಲ್ಲಿ ಮಕ್ಕಳ ಚಿಕಿತ್ಸೆಯಿಂದ ವರದಿಯಾದ ಕುಣಿಕೆಯ ವಿಧಾನವು ಮಧ್ಯಮಾರ್ಗದಂತಿದೆ: ಎರಡು ಕಿರುಬಾಯಿಗಳ ಮೂಲಕ ತೆಳುವಾದ ರಬ್ಬರ್ ಎಳೆಯನ್ನು ಹಾಯಿಸಿ ಸಡಿಲವಾಗಿ ಗಂಟುಹಾಕುವುದು. ಬಟ್ಟೆಯನ್ನು ಕಿತ್ತು ಮತ್ತೆ ತುಂಬುವ ಯಾತನೆ ಇದರಲ್ಲಿಲ್ಲ. ಮಾಂಸದ ಮೂಲಕ ದಾರ ಹಾಯಿಸುವುದು ಹಿಂದಿನ ಶಸ್ತ್ರವೈದ್ಯರಿಗೂ ತಿಳಿದಿತ್ತು.

ಔಷಧದ ಪಾತ್ರವೇನು? ಅಮೆರಿಕದ ಐದು ತುರ್ತು ವಿಭಾಗಗಳಿಂದ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರ ಕುರುವನ್ನೂ ಸೀಳಲಾಗಿತ್ತು. ಜೀವಾಣುನಾಶಕ ಪಡೆದವರಲ್ಲಿ ಶೇಕಡ 80.5, ಹುಸಿಮಾತ್ರೆ ಪಡೆದವರಲ್ಲಿ ಶೇಕಡ 73.6 ಮಂದಿ ಗುಣಹೊಂದಿದರು. ಔಷಧದಿಂದ ಲಾಭವುಂಟು, ಆದರೂ ಹೆಚ್ಚಿನ ಭಾರವನ್ನು ಹೊತ್ತುದು ಶಸ್ತ್ರವೇ.

ಮೇಲಿನ ತುಲನೆಯಿಂದ ಸಿದ್ಧವಾಗುವುದಿಷ್ಟು. ಬತ್ತಿಯು ಕೀವಿಗೆ ತಡೆಯಾಗಬಹುದೆಂಬುದು 1871ರಲ್ಲಿಯೇ ರಾಣಿಯೊಬ್ಬಳ ದೇಹದಲ್ಲಿ ಕಂಡುಬಂದಿತ್ತು. ಒಂದು ನಿದರ್ಶನವು ಪ್ರಮಾಣವಾಗದಿದ್ದರೂ ಪ್ರಶ್ನೆಯನ್ನು ಎತ್ತಲು ಸಾಕಾಗಿತ್ತು. ಆ ಪ್ರಶ್ನೆಗೂ 2009ರ ಪರೀಕ್ಷೆಗೂ ನಡುವೆ 138 ವರ್ಷಗಳು ಕಳೆದುವು. ಈ ಅವಧಿಯಲ್ಲಿ ರೂಢಿಯ ಬೆಲೆಯನ್ನು ತೆತ್ತವರು ವೈದ್ಯರಲ್ಲ, ಹೆಸರುಳಿಯದ ರೋಗಿಗಳು. ಚರಿತ್ರಕಾರನು ಅವರ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.