ಇಬ್ಬರು ಬ್ಯಾಂಟಿಂಗರ ನಡುವಿನ ಪಥ್ಯ

1862ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗನ ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಎತ್ತರವಾದರೋ ಐದಡಿ ಐದಂಗುಲ. ಇಂಗ್ಲೆಂಡಿನ ರಾಜಮನೆತನದ ಅಂತ್ಯಕ್ರಿಯೆಗಳ ಏರ್ಪಾಡು ನೋಡಿಕೊಳ್ಳುತ್ತಿದ್ದ ಕುಟುಂಬದ ಈ ಹಿರಿಯನಿಗೆ ಬಗ್ಗಿ ಬೂಟಿನ ದಾರ ಕಟ್ಟುವುದು ಆಗುತ್ತಿರಲಿಲ್ಲ. ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯಬೇಕಾಗಿತ್ತು. ದೋಣಿಯ ಹುಟ್ಟು ಹಾಕಿ ನೋಡಿದ, ಹಸಿವಷ್ಟೇ ಹೆಚ್ಚಿತು. ಕಡೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಶಸ್ತ್ರವೈದ್ಯನಲ್ಲಿಗೆ ಹೋದಾಗ, ಆತ ದೋಷ ಕಂಡದ್ದು ಕಿವಿಯಲ್ಲಲ್ಲ, ಊಟದಲ್ಲಿ.

ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡನ ಉಪನ್ಯಾಸ ಕೇಳಿ ಬಂದವನು. ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆಂಬುದು ಬರ್ನಾರ್ಡನ ಮಹತ್ವದ ಶೋಧ. ಮಧುಮೇಹಿಗೆ ಸಕ್ಕರೆ ಮತ್ತು ಪಿಷ್ಟಗಳನ್ನು ಕಡಿಮೆ ಮಾಡುವ ಪಥ್ಯವು ಬೊಜ್ಜಿಗೂ ಒದಗಬಹುದೆಂದು ಹಾರ್ವೆ ತರ್ಕಿಸಿದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವಿಷ್ಟನ್ನು ಬಿಡಿಸಿ, ಮಾಂಸ, ಮೀನು, ತರಕಾರಿಗಳನ್ನು ಉಣಿಸಿದ. ವರ್ಷವೊಂದರಲ್ಲಿ ಬ್ಯಾಂಟಿಂಗನ ಮೈಯಿಂದ 46 ಪೌಂಡು ಕರಗಿತು. 1863ರಲ್ಲಿ ಆತ ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಉಚಿತವಾಗಿ ಹಂಚಿದ. ಅವನ ಹೆಸರೇ ಪಥ್ಯದ ಹೆಸರಾಯಿತು. ಸ್ವೀಡನ್ನಿನ ಜನ ಇಂದಿಗೂ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ‘ಬಾಂಟಾ’ ಎನ್ನುತ್ತಾರೆ.

ಆದರೆ ಈ ಪಥ್ಯದ ಬೇರು ಬ್ಯಾಂಟಿಂಗನಿಗಿಂತ ಹಳೆಯದು. 1797ರಲ್ಲಿಯೇ ಜಾನ್ ರೋಲೋ ಎಂಬ ಸೈನ್ಯವೈದ್ಯ ಮಧುಮೇಹಿಯಾದ ಒಬ್ಬ ಸೇನಾಧಿಕಾರಿಗೆ ಮಾಂಸಪ್ರಧಾನ ಆಹಾರ ಕೊಟ್ಟು ಗುಣ ಕಂಡದ್ದನ್ನು ಬರೆದಿದ್ದ. 1870–71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸನ್ನು ಮುತ್ತಿ ಊರೆಲ್ಲ ಅರೆಹೊಟ್ಟೆಯಲ್ಲಿದ್ದಾಗ, ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಬೂಶಾರ್ದಾ ಎಂಬ ವೈದ್ಯ ಗಮನಿಸಿದ. ನಮ್ಮ ಸುಶ್ರುತಸಂಹಿತೆ ಇನ್ನೂ ಹಿಂದೆಯೇ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿತ್ತು. ಆ ವಿಂಗಡಣೆಯನ್ನು ಇಂದಿನ ವರ್ಗೀಕರಣದೊಂದಿಗೆ ಪೂರ್ತಿಯಾಗಿ ಹೊಂದಿಸಲಾಗದು. ಆದರೂ ಎಲ್ಲ ರೋಗಿಗಳೂ ಒಂದೇ ಬಗೆಯವರಲ್ಲವೆಂಬ ತಿಳಿವು ಅದರಲ್ಲಿದೆ.

ಆ ತಿಳಿವು ಎಷ್ಟು ಮುಖ್ಯವೆಂಬುದಕ್ಕೆ ಎಲಿಜಬೆತ್ ಹ್ಯೂಸಳ ಬದುಕೇ ಸಾಕ್ಷಿ. ಅಮೆರಿಕದ ಪ್ರಮುಖ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸರ ಈ ಮಗಳಿಗೆ 1919ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮಧುಮೇಹ ತಗುಲಿತು. ಅವಳ ದೇಹದಲ್ಲಿ ಇನ್ಸುಲಿನ್ ಉತ್ಪಾದನೆಯೇ ಕುಸಿದಿತ್ತು. ಫ್ರೆಡರಿಕ್ ಆ್ಯಲೆನ್ ಎಂಬ ವೈದ್ಯ ಪಿಷ್ಟವನ್ನಷ್ಟೇ ಅಲ್ಲ, ಒಟ್ಟು ಆಹಾರವನ್ನೇ ಉಪವಾಸದ ಅಂಚಿಗೆ ಇಳಿಸಿದ. ಅಂದು ಬೇರೆ ದಾರಿಯಿರಲಿಲ್ಲ. ಮೂರು ವರ್ಷ ಆ ಪಥ್ಯ ಅವಳ ಜೀವ ಹಿಡಿದಿಟ್ಟಿತು; ಮಾಂಸಖಂಡವನ್ನೆಲ್ಲ ತಿಂದೂ ಹಾಕಿತು. 1922ರ ಆಗಸ್ಟಿನಲ್ಲಿ ಟೊರಾಂಟೊ ತಲುಪಿದಾಗ ಆ ಹುಡುಗಿಯ ಇಡೀ ತೂಕ 45 ಪೌಂಡು. ಲಂಡನ್ನಿನ ಬ್ಯಾಂಟಿಂಗ್ ಕಳೆದುಕೊಂಡು ಸುಖಪಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಭಾರವನ್ನು.

ಅಲ್ಲಿ ಅವಳಿಗೆ ಇನ್ಸುಲಿನ್ ಚುಚ್ಚಿದ ವೈದ್ಯನ ಹೆಸರೂ ಬ್ಯಾಂಟಿಂಗ್: ಫ್ರೆಡರಿಕ್ ಬ್ಯಾಂಟಿಂಗ್. ಹಿಂದಿನ ವರ್ಷವಷ್ಟೇ ಚಾರ್ಲ್ಸ್ ಬೆಸ್ಟ್ ಜೊತೆ ಸೇರಿ ಮೇದೋಜೀರಕ ಗ್ರಂಥಿಯ ಸಾರವನ್ನು ನಾಯಿಗಳ ಮೇಲೆ ಪ್ರಯೋಗಿಸಿ ಗೆದ್ದವನು. ಎಲಿಜಬೆತ್ ಮತ್ತೆ ಹೊಟ್ಟೆ ತುಂಬ ಉಂಡಳು, ಬೆಳೆದಳು, ತಾಯಿಯಾದಳು, 1981ರವರೆಗೆ ಬಾಳಿದಳು. ಒಬ್ಬ ಬ್ಯಾಂಟಿಂಗನಿಗೆ ಪಥ್ಯವೇ ಸಾಕಾಯಿತು. ಇನ್ನೊಬ್ಬ ಬ್ಯಾಂಟಿಂಗ್ ಪಥ್ಯವೊಂದೇ ಸಾಲದವರನ್ನು ಉಳಿಸಿದ.

1972ರಲ್ಲಿ ಅಮೆರಿಕದ ರಾಬರ್ಟ್ ಆಟ್ಕಿನ್ಸ್ ಈ ಪಥ್ಯವನ್ನು ಮತ್ತೆ ಜನಪ್ರಿಯಗೊಳಿಸಿದ ಮೇಲೆ ಅದು ಅಲೆಅಲೆಯಾಗಿ ಬಂದಿದೆ. ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಮನೆಗಳನ್ನೂ ಮುಟ್ಟಿದೆ. ಅನ್ನ ಬಿಟ್ಟು ಊರಿನಿಂದ ತರಿಸಿದ ರಾಗಿ ಹಿಟ್ಟಿನ ಮುದ್ದೆಗೆ ಮರಳಿದವರು, ಪಿಷ್ಟ ತಗ್ಗಿತೆಂದು ಭಾವಿಸುವುದುಂಟು. ಅಕ್ಕಿ, ರಾಗಿ, ಜೋಳ ಈ ಮೂರರಲ್ಲಿಯೂ ನೂರು ಗ್ರಾಮಿಗೆ ಸುಮಾರು 65ರಿಂದ 80 ಗ್ರಾಂ ಕಾರ್ಬೋಹೈಡ್ರೇಟೇ ಇದೆ. ರಾಗಿಯ ನಾರು ಮತ್ತು ಸುಣ್ಣದಂಶ ಅದರ ಹಿರಿಮೆ. ಆದರೆ ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ. ನಮ್ಮ ಎಲೆಯಲ್ಲಿ ಪಿಷ್ಟ ತಗ್ಗಬೇಕಾದರೆ ಅನ್ನ, ಮುದ್ದೆ, ರೊಟ್ಟಿಗಳ ಪ್ರಮಾಣವೇ ಕುಗ್ಗಿ, ಪಲ್ಯ, ಸೊಪ್ಪು, ಕೋಸಂಬರಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನುಗಳ ಪಾಲು ಹಿಗ್ಗಬೇಕು. ಕಾಳಿನಲ್ಲಿಯೂ ಪಿಷ್ಟ ಉಂಟು; ಜೊತೆಗೆ ಪ್ರೋಟೀನು, ನಾರುಗಳೂ ಉಂಟು.

ಹಾಗೆಯೇ, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳ ಪ್ರಮಾಣ ನಿಗದಿಯಾಗಿರುವುದು ಉಣ್ಣುವ ಅನ್ನದ ಲೆಕ್ಕದಲ್ಲಿ. ವೈದ್ಯರಿಗೆ ತಿಳಿಸದೆ ಅನ್ನವನ್ನು ದಿಢೀರನೆ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದೀತು. ಪಥ್ಯವನ್ನೇ ನಂಬಿ ಇನ್ಸುಲಿನ್ ಬಿಟ್ಟರೆ ಎಲಿಜಬೆತ್ ಪಾರಾಗಿ ಬಂದ ದಾರಿಗೇ ಮರಳಿದಂತೆ. ಪಥ್ಯವೆಂದರೆ ದೇಹದ ದಾರಿಗೆ ಹಿತವಾದದ್ದು. ಯಾರ ದೇಹ, ಯಾವ ದಾರಿ ಎಂಬುದನ್ನು ಮೊದಲು ಕೇಳಬೇಕೆಂಬುದೇ ಈ ಎರಡು ಶತಮಾನಗಳ ಚರಿತ್ರೆಯ ಪಾಠ.